ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿದೆ, ಬಗ್ ರಿಪೋರ್ಟ್ ಯಾರಿಗೆ ಹಾಕಲಿ? ಟೆಸ್ಟ್ ಬರೆಯೋದು ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿವಮೊಗ್ಗದಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ನಾನು ಓದಿದ ಹೈಸ್ಕೂಲಿನ ಮೇಷ್ಟ್ರು ಫೋನ್ ಮಾಡಿ, ಕ್ರೀಡಾಕೂಟದ ಪ್ರಶಸ್ತಿ ಪತ್ರ ಮಾಡಿಕೊಡಮ್ಮ ಎಂದರು. 143 ಮಕ್ಕಳು. ಕೈಯಲ್ಲಿ ಒಂದೊಂದೇ ಹೆಸರು ತುಂಬೋದು ಬೇಡ ಅಂತ ಪೈಥಾನ್‌ನಲ್ಲಿ ಪಿಲ್ಲೋ ಎಂಬ ಲೈಬ್ರರಿ (ಚಿತ್ರಗಳ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಕೋಡ್) ಇಟ್ಟುಕೊಂಡು ಒಂದು ಸ್ಕ್ರಿಪ್ಟ್ ಬರೆದೆ. ಖಾಲಿ ಪತ್ರದ ಚಿತ್ರ ತೆರೆಯೋದು, ಅದರ ಮೇಲೆ ಹೆಸರು, ಆಟ, ಸ್ಥಾನ ಬರೆಯೋದು, ಉಳಿಸೋದು. ಅಷ್ಟೇ ಕೆಲಸ.

ಚಿತ್ರ ತೆರೆದು ನೋಡಿದರೆ ಕನ್ನಡವೆಲ್ಲ ಚೆಲ್ಲಾಪಿಲ್ಲಿ. "ಪ್ರಥಮ" ಎಂಬಲ್ಲಿ ಪ, ಹಲಂತ, ರ ಮೂರೂ ಸಾಲಾಗಿ ಕೂತಿವೆ, ರ ಒತ್ತು ಕೆಳಗೆ ಇಳಿದೇ ಇಲ್ಲ. "ಕಿ" ಎಂಬಲ್ಲಿ ಕ ಬೇರೆ, ಗುಡಿಸು ಬೇರೆ. ಅದೇ ಸ್ಕ್ರಿಪ್ಟ್, ಅದೇ ಫಾಂಟ್, ಕಾಲೇಜು ಲ್ಯಾಬಿನ ಲಿನಕ್ಸ್ ಮೆಷಿನ್‌ನಲ್ಲಿ ಓಡಿಸಿದರೆ ಸರಿಯಾಗಿ ಬರುತ್ತದೆ! ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ.

ಇದು ಲೈಬ್ರರಿಯ ಬಗ್ ಅಲ್ವಾ? ಅದರ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ ರಿಪೋರ್ಟ್ ಹಾಕಬೇಕು ಅಂತ ಮನಸ್ಸಿದೆ, ಆದರೆ ಧೈರ್ಯ ಸಾಲುತ್ತಿಲ್ಲ. ಮೂರು ಪ್ರಶ್ನೆ ಇದೆ. ಒಂದು, ಕನ್ನಡ ಓದಲು ಬಾರದವರಿಗೆ ಕನ್ನಡ ತಪ್ಪಾಗಿದೆ ಅಂತ ಹೇಗೆ ಅರ್ಥ ಮಾಡಿಸೋದು? ಎರಡು, ಬರೀ ದೂರು ಹೇಳದೆ ಟೆಸ್ಟ್ ಜೊತೆ ಕೊಟ್ಟರೆ ಒಳ್ಳೇದು ಅಂತಾರೆ, ಆ ಟೆಸ್ಟ್ ಅಂದರೆ ಏನು ಬರೆಯಬೇಕು? ಮೂರು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಎಐ ಕೈಲಿ ಬರೆಸಿದರೆ ನಡೆಯುತ್ತದಾ?

—

ಹಳೇಪೈಥಾನ್:

ನಮಸ್ಕಾರ ಮೇಡಂ. ಚೆನ್ನಾಗಿ ಕೇಳಿದ್ದೀರಿ. ಒಂದು ಮೆಷಿನ್‌ನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂತ ನೀವೇ ಕಂಡುಕೊಂಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ.

ರಿಪೋರ್ಟ್ ಹಾಕೋ ಮುಂಚೆ ತಪ್ಪು ಯಾವ ಮಟ್ಟದಲ್ಲಿದೆ ಅಂತ ನೋಡಬೇಕು. ಕನ್ನಡದ ಒಂದು ಪದ ಪರದೆಗೆ ಬರುವಷ್ಟರಲ್ಲಿ ನಾಲ್ಕೈದು ಕೈ ದಾಟಿರುತ್ತದೆ. ನಿಮ್ಮ ಸ್ಟ್ರಿಂಗ್‌ನಲ್ಲಿ ಇರೋದು ಪ, ಹಲಂತ, ರ, ಥ, ಮ ಎಂಬ ಬಿಡಿ ಸಂಕೇತಗಳು ಮಾತ್ರ. ಅವನ್ನು ಕೂಡಿಸಿ "ಪ್ರ" ಮಾಡೋದು ಹೇಗೆ ಅನ್ನೋ ನಿಯಮ ಫಾಂಟ್ ಫೈಲ್‌ನೊಳಗೆ ಇರುತ್ತದೆ. ಆ ನಿಯಮ ಓದಿ, ಯಾವ ಆಕಾರ ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕೋದಕ್ಕೆ ಶೇಪಿಂಗ್ ಅಂತಾರೆ, ಅದನ್ನು ಮಾಡೋದು ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರೊಳಗೂ ಅದೇ ಇದೆ. ಪಿಲ್ಲೋ ನೇರವಾಗಿ ಅದನ್ನು ಕರೆಯೋದಿಲ್ಲ, ನಡುವೆ ರಾಕ್ಮ್ ಎಂಬ ಪುಟ್ಟ ಲೈಬ್ರರಿ ಇದೆ. ರಾಕ್ಮ್‌ಗೆ ಫ್ರಿಬಿಡಿ ಅಂತ ಮತ್ತೊಂದು ಬೇಕು. ಅದು ಅರೇಬಿಕ್, ಹೀಬ್ರೂ ತರಹ ಬಲದಿಂದ ಎಡಕ್ಕೆ ಬರೆಯುವ ಬರಹಗಳಿಗಾಗಿ ಇರುವಂಥದ್ದು. ಕನ್ನಡಕ್ಕೆ ಅದರ ಅಗತ್ಯ ಇಲ್ಲ, ಆದರೆ ಅದು ಇಲ್ಲದಿದ್ದರೆ ರಾಕ್ಮ್ ಕೆಲಸಕ್ಕೇ ಬರೋದಿಲ್ಲ.

ನಿಮ್ಮ ವಿಷಯದಲ್ಲಿ ಆಗಿರೋದು ಇದೇ ಇರಬೇಕು. ಪಿಲ್ಲೋ 8.2ನೇ ಆವೃತ್ತಿಯಿಂದ ರಾಕ್ಮ್ ಅದರ ಪ್ಯಾಕೇಜಿನ ಜೊತೆಗೇ ಬರುತ್ತದೆ, ಆದರೆ ಫ್ರಿಬಿಡಿಯನ್ನು ಮಾತ್ರ ಓಡುವಾಗ ನಿಮ್ಮ ಕಂಪ್ಯೂಟರ್‌ನಲ್ಲಿ ಹುಡುಕುತ್ತದೆ. ಲ್ಯಾಬಿನ ಲಿನಕ್ಸ್‌ನಲ್ಲಿ ಅದು ಮೊದಲೇ ಇತ್ತು ಅನ್ಸುತ್ತದೆ. ನಿಮ್ಮ ವಿಂಡೋಸ್‌ನಲ್ಲಿ ಇಲ್ಲ. ಸಿಗದೇ ಹೋದರೆ ಪಿಲ್ಲೋ ಸುಮ್ನೆ ಬೇಸಿಕ್ ಲೇಔಟ್‌ಗೆ ಇಳಿಯುತ್ತದೆ, ಅಂದರೆ ಒಂದರ ಪಕ್ಕ ಒಂದು ಅಕ್ಷರ ಇಡುತ್ತಾ ಹೋಗುತ್ತದೆ. ಇಂಗ್ಲಿಷ್‌ಗೆ ಅಷ್ಟು ಸಾಕು, ನಮಗೆ ಸಾಲದು.

ಪರೀಕ್ಷೆ ಮಾಡೋದು ಸುಲಭ. ಪಿಲ್ಲೋದ ಫೀಚರ್ಸ್ ಮಾಡ್ಯೂಲಿನಲ್ಲಿ ಚೆಕ್ ಅಂತ ಫಂಕ್ಷನ್ ಇದೆ, ಅದಕ್ಕೆ ರಾಕ್ಮ್ ಹೆಸರು ಕೊಡಿ. ಫಾಲ್ಸ್ ಬಂದರೆ ಫ್ರಿಬಿಡಿಯ ಡಿಎಲ್‌ಎಲ್ ಫೈಲನ್ನು (ವಿಂಡೋಸ್‌ನಲ್ಲಿ ಲೈಬ್ರರಿ ಇರುವ ಫೈಲ್) ವಿಂಡೋಸ್ ಹುಡುಕುವ ಜಾಗದಲ್ಲಿ ಇಡಿ. ಕೋಡ್‌ನಲ್ಲಿ ಏನೂ ಬದಲಿಸಬೇಕಾಗಿಲ್ಲ, ರಾಕ್ಮ್ ಸಿಕ್ಕರೆ ಪಿಲ್ಲೋ ತಾನೇ ಅದನ್ನು ಬಳಸುತ್ತದೆ.

ಇನ್ನೊಂದು ಮಾತು. ರಿಪೋರ್ಟ್ ಹಾಕುವಾಗ ಮಕ್ಕಳ ನಿಜವಾದ ಹೆಸರಿರುವ ಪತ್ರದ ಚಿತ್ರ ಹಾಕಬೇಡಿ. ಅದು ಎಲ್ಲರಿಗೂ ಕಾಣುವ ಜಾಗ, ಒಮ್ಮೆ ಹೋದರೆ ವಾಪಸ್ ತೆಗೆಯೋದು ಕಷ್ಟ. "ಪ್ರಥಮ", "ಕೃಷಿ", "ಕ್ರೀಡೆ" ಇಂಥ ಪದ ಸಾಕು.

—

ತುಂಗಾತೀರ:

ತುಂಬಾ ಥ್ಯಾಂಕ್ಸ್ ಸರ್. ಫಾಲ್ಸ್ ಅಂತಲೇ ಬಂತು! ಡಿಎಲ್‌ಎಲ್ ಹಾಕಿದ ಮೇಲೆ ಟ್ರೂ ಬಂತು, "ಪ್ರಥಮ", "ಕ್ರೀಡಾಕೂಟ" ಎಲ್ಲ ನೆಟ್ಟಗೆ ಕೂತವು. ಒಂದು ರಾತ್ರಿ ಪೂರ್ತಿ ಫಾಂಟ್ ಬದಲಿಸಿ ಬದಲಿಸಿ ನೋಡಿದ್ದೆ.

ಆದರೆ ಎರಡು ಪದ ಇನ್ನೂ ತಪ್ಪಾಗಿವೆ. "ರ‍್ಯಾಂಕ್" ಅಂತ ಬೇಕಾದ ಕಡೆ ಯಾ ಮೇಲೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗುತ್ತಿದೆ. "ರಾಜ್‌ಕುಮಾರ್" ಎಂಬ ಹೆಸರು "ರಾಜ್ಕುಮಾರ್" ಆಗುತ್ತಿದೆ, ಜ ಕೆಳಗೆ ಕ ಒತ್ತು ಹೋಗಿ ಕೂತಿದೆ. ಹೆಸರಿನ ಪಟ್ಟಿ ಇರುವ ಎಕ್ಸೆಲ್‌ನಲ್ಲಿ ನೋಡಿದರೆ ಎರಡೂ ಸರಿಯಾಗಿವೆ. ಇದಾದರೂ ಹಾರ್ಫ್‌ಬಜ್‌ನ ಬಗ್ ಇರಬಹುದಾ?

—

ಒತ್ತಕ್ಷರ:

ಈ ಪ್ರಶ್ನೆ ನೋಡಿ ಖುಷಿಯಾಯಿತು, ನನಗೆ ತುಂಬಾ ಹತ್ತಿರದ ವಿಷಯ.

ಮೊದಲು ನಿಮ್ಮ ಸ್ಕ್ರಿಪ್ಟ್ ನೋಡಿಕೊಳ್ಳಿ. ಎಕ್ಸೆಲ್‌ನಿಂದ ಹೆಸರು ಓದಿದ ಮೇಲೆ ಕಣ್ಣಿಗೆ ಕಾಣದ ಅಕ್ಷರಗಳನ್ನು ತೆಗೆದುಹಾಕುವ ಸಾಲು ಏನಾದರೂ ಇದೆಯಾ? ತುಂಬಾ ಜನ ಇಂಟರ್ನೆಟ್‌ನಿಂದ ಅಂಥ ಕ್ಲೀನ್ ಮಾಡುವ ಫಂಕ್ಷನ್ ಎತ್ತಿಕೊಂಡು ಹಾಕಿರುತ್ತಾರೆ. ಇಂಗ್ಲಿಷ್ ಪಠ್ಯದಲ್ಲಿ ಅವು ಕಸ ಇದ್ದ ಹಾಗೆ, ಆದರೆ ಕನ್ನಡದಲ್ಲಿ ಕಾಗುಣಿತದ ಭಾಗ. ಜೀರೋ ವಿಡ್ತ್ ಜಾಯಿನರ್, ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ ಎರಡು ಸಂಕೇತ ಇವೆ. "ರಾಜ್‌ಕುಮಾರ್"ನಲ್ಲಿ ಜ್ ಆದ ಮೇಲೆ ನಾನ್ ಜಾಯಿನರ್ ಕೂತಿರುತ್ತದೆ, ಜ್ ಮತ್ತು ಕು ಕೂಡಬೇಡಿ ಅಂತ ಹೇಳೋದು ಅದೇ. ಅದನ್ನು ತೆಗೆದರೆ ಅವೆರಡು ಕೂಡಿ ಒತ್ತಕ್ಷರ ಆಗಲೇಬೇಕು, ಅದು ಶೇಪಿಂಗ್‌ನ ತಪ್ಪಲ್ಲ.

"ರ‍್ಯಾಂಕ್" ಕಥೆ ಇನ್ನೂ ಸೂಕ್ಷ್ಮ. ರ, ಹಲಂತ, ಯ ಅಂತ ಬಂದರೆ ಕನ್ನಡದಲ್ಲಿ ಅರ್ಕಾವೊತ್ತೇ ನಿಯಮ. ಸೂರ್ಯ, ಕಾರ್ಯ, ಧೈರ್ಯ ಎಲ್ಲ ಹಾಗೇ. ಆದರೆ ರ‍್ಯಾಲಿ, ರ‍್ಯಾಂಕ್ ತರಹದ ಪದದಲ್ಲಿ ರ ಪೂರ್ತಿ ನಿಂತು ಯ ಒತ್ತು ಕೆಳಗೆ ಬರಬೇಕು ಅಂದರೆ ರ ಆದ ಕೂಡಲೇ, ಹಲಂತಕ್ಕಿಂತ ಮೊದಲು, ಜಾಯಿನರ್ ಹಾಕಬೇಕು. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಮಾನದಂಡ ಹೇಳೋದು ಹಾಗೆ.

ಹಳೆಯ ಪಠ್ಯಗಳಲ್ಲಿ ಇನ್ನೊಂದು ರೂಢಿಯೂ ಇದೆ. ಹಲಂತ ಮೊದಲು, ಜಾಯಿನರ್ ಆಮೇಲೆ. ಎರಡು ರೀತಿಯ ಕನ್ನಡವೂ ಹೊರಗೆ ಇದೆ, ಹಳೆಯ ರೂಢಿಯಲ್ಲಿ ಬರೆದದ್ದು ತಪ್ಪು ತಪ್ಪಾಗಿ ಕಂಡರೆ ಓದುವವರ ಗತಿ ಏನು? ಹಾರ್ಫ್‌ಬಜ್‌ನಲ್ಲಿ ಇದರ ಬಗ್ಗೆ ಇಶ್ಯೂ (ಗಿಟ್‌ಹಬ್‌ನಲ್ಲಿ ಹಾಕಿದ ದೂರು) ಇದೆ, ಸಂಖ್ಯೆ 435. ಅದರ ಫಲ ಏನಾಯಿತು ಅಂತ ನೋಡಬೇಕಾದರೆ ಇಂಡಿಕ್ ಬರಹಗಳ ಕೋಡ್ ಇರುವ ಫೈಲ್ ತೆರೆಯಿರಿ. ಅದರಲ್ಲಿ ಕನ್ನಡ ಎಂದು ಹೆಸರು ಹೇಳಿಯೇ ಒಂದು ಟಿಪ್ಪಣಿ ಇದೆ: ಹಳೆಯ ರೂಢಿಗೆ ಹೊಂದಿಕೊಳ್ಳಲು ರ, ಹಲಂತ, ಜಾಯಿನರ್ ಎಂಬ ಸಾಲು ಬಂದರೆ ರ, ಜಾಯಿನರ್, ಹಲಂತ ಬಂದ ಹಾಗೇ ನಡೆದುಕೊಳ್ಳಬೇಕು ಅಂತ. ಕೆಳಗೆ ಆ ಎರಡನ್ನು ಅದಲು ಬದಲು ಮಾಡುವ ಕೆಲವೇ ಸಾಲಿನ ಕೋಡ್. ಅಷ್ಟೇ. ಆ ಕೆಲವು ಸಾಲು ಇವತ್ತು ನನ್ನ ಫೋನ್‌ನಲ್ಲೂ ಇದೆ, ನಿಮ್ಮ ಬ್ರೌಸರ್‌ನಲ್ಲೂ ಇದೆ. ಲೈಬ್ರರಿಯನ್ನು ಮುನ್ನಡೆಸಿದವರು ಇರಾನ್ ಮೂಲದವರು, ಹಾರ್ಫ್‌ಬಜ್ ಅನ್ನೋ ಹೆಸರೂ ಪಾರಸಿ ಮಾತು, ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದ. ಅಂಥ ಕಡೆ ನಮ್ಮ ರ ಮತ್ತು ಯ ಬಗ್ಗೆ ಒಂದು ಟಿಪ್ಪಣಿ ಕೂತಿದೆ ಅಂದರೆ, ಕನ್ನಡ ಬಲ್ಲವರು ಹೇಳಿದ್ದನ್ನು ಅವರು ಕೇಳಿದ್ದಾರೆ ಅಂತ ಅರ್ಥ.

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕನ್ನಡ ಬಾರದವರಿಗೆ "ಸರಿಯಾಗಿ ಕಾಣುತ್ತಿಲ್ಲ" ಎಂದರೆ ಏನೂ ತಿಳಿಯೋದಿಲ್ಲ. ಯಾವ ಸಂಕೇತಗಳು, ಯಾವ ಕ್ರಮದಲ್ಲಿ, ಅವುಗಳ ಯೂನಿಕೋಡ್ ಸಂಖ್ಯೆ ಏನು, ಯಾವ ಫಾಂಟ್, ಆ ಫಾಂಟಿನ ಆವೃತ್ತಿ ಏನು, ಈಗ ಹೀಗೆ ಬರುತ್ತಿದೆ, ಹೀಗೆ ಬರಬೇಕು, ಎರಡು ಚಿತ್ರ ಪಕ್ಕಪಕ್ಕ. ಬರಬೇಕಾದ ರೂಪವನ್ನು ಕೈಯಲ್ಲಿ ಬರೆದು ಫೋಟೋ ತೆಗೆದು ಹಾಕಿದರೂ ನಡೆಯುತ್ತದೆ. ಇಷ್ಟು ಇದ್ದರೆ ಕನ್ನಡದ ಒಂದಕ್ಷರ ಬಾರದವರೂ ಕೆಲಸ ಶುರು ಮಾಡಬಹುದು. ಹಾರ್ಫ್‌ಬಜ್ ಜೊತೆ ಹೆಚ್‌ಬಿ ಶೇಪ್, ಹೆಚ್‌ಬಿ ವ್ಯೂ ಎಂಬ ಎರಡು ಚಿಕ್ಕ ಪ್ರೋಗ್ರಾಂ ಬರುತ್ತವೆ. ಮೊದಲನೆಯದು ಯಾವ ಆಕಾರ ಆಯ್ಕೆಯಾಯಿತು ಅಂತ ಪಟ್ಟಿ ಕೊಡುತ್ತದೆ, ಎರಡನೆಯದು ಚಿತ್ರ ಕೊಡುತ್ತದೆ. ನಿಮ್ಮ ಪದವನ್ನು ಅವೆರಡರಲ್ಲಿ ಹಾಕಿ ನೋಡಿ. ಅಲ್ಲಿ ಸರಿ ಬಂದರೆ ತಪ್ಪು ಹಾರ್ಫ್‌ಬಜ್‌ನಲ್ಲೂ ಇಲ್ಲ, ಫಾಂಟ್‌ನಲ್ಲೂ ಇಲ್ಲ, ಮೇಲಿನ ಮಟ್ಟದಲ್ಲಿ ಎಲ್ಲೋ ಇದೆ. ಅಲ್ಲೂ ತಪ್ಪಿದ್ದರೆ ಇನ್ನೊಂದೆರಡು ಫಾಂಟ್ ಹಾಕಿ ನೋಡಿ. ಒಂದೇ ಫಾಂಟ್‌ನಲ್ಲಿ ತಪ್ಪು ಬಂದರೆ ಬಹುತೇಕ ಫಾಂಟ್ ಮಾಡಿದವರಿಗೇ ಹೇಳಬೇಕಾಗುತ್ತದೆ.

—

ತುಂಗಾತೀರ:

ಹೌದು! ಅಂಥ ಸಾಲು ಇತ್ತು. ಹೆಸರಿನ ಪಟ್ಟಿ ಮೊದಲು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು, ಯೂನಿಕೋಡ್‌ಗೆ ಬದಲಿಸಿಕೊಂಡಾಗ ಏನೇನೋ ಕಾಣದ ಅಕ್ಷರ ಸೇರಿಕೊಂಡಿರಬಹುದು ಅಂತ ನಾನೇ ಹಾಕಿದ್ದೆ. ಆ ಎರಡನ್ನು ಮಾತ್ರ ಉಳಿಸಿಕೊಂಡ ಮೇಲೆ "ರಾಜ್‌ಕುಮಾರ್", "ರ‍್ಯಾಂಕ್" ಎರಡೂ ಸರಿಯಾದವು.

ಹಾಗಾದರೆ ರಿಪೋರ್ಟ್ ಹಾಕೋಕೆ ಏನೂ ಉಳಿಯಲಿಲ್ಲ ಅಲ್ವಾ. ಸ್ವಲ್ಪ ಬೇಜಾರೂ ಆಯಿತು. ಈ ಕಾರಣಕ್ಕಾದರೂ ಒಂದು ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮಾಡಬೇಕು ಅಂತ ಆಸೆ ಇಟ್ಟುಕೊಂಡಿದ್ದೆ.

—

ಕಡಲತಡಿ:

ಉಳಿದಿದೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳುತ್ತೇನೆ, ಸಂಜೆ ಕೆಲಸ ಮುಗಿದ ಮೇಲೆ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಿಮಗೆ ಒಂದು ರಾತ್ರಿ ಹೋಯಿತು. ವಿಂಡೋಸ್‌ನಲ್ಲಿ ಫ್ರಿಬಿಡಿ ಬೇಕು ಅಂತ ಪಿಲ್ಲೋದ ಇನ್‌ಸ್ಟಾಲ್ ದಾಖಲೆಯಲ್ಲಿ ಬರೆದಿದೆ, ಆದರೆ ಆ ಪುಟ ಓದುವವರು ಕಡಿಮೆ. ಪಿಪ್‌ನಿಂದ (ಪೈಥಾನ್ ಲೈಬ್ರರಿ ಹಾಕಿಕೊಡುವ ಪ್ರೋಗ್ರಾಂ) ಒಂದೇ ಸಾಲಿನಲ್ಲಿ ಹಾಕಿಕೊಂಡವರು ಅಲ್ಲಿಗೆ ಯಾಕೆ ಹೋಗುತ್ತಾರೆ? ಫಾಂಟ್ ತೆರೆಯುವ ಫಂಕ್ಷನ್‌ನ ವಿವರಣೆಯಲ್ಲಿ, ಇಂಗ್ಲಿಷ್ ಅಲ್ಲದ ಪಠ್ಯಕ್ಕೆ ರಾಕ್ಮ್ ಒಳ್ಳೆಯದು ಅಂತ ಹೇಳಿದ್ದಾರೆ. ಅಲ್ಲಿಂದ ಇಲ್ಲಿಗೆ ಒಂದು ವಾಕ್ಯದ ಸೇತುವೆ ಬೇಕು ಅಂತ ನಿಮಗೆ ಅನ್ನಿಸಿದರೆ, ಅದೇ ನಿಮ್ಮ ಪುಲ್ ರಿಕ್ವೆಸ್ಟ್. ಮೊದಲು ಹಳೆಯ ಇಶ್ಯೂಗಳಲ್ಲಿ ರಾಕ್ಮ್, ಫ್ರಿಬಿಡಿ ಅಂತ ಹುಡುಕಿ, ಮುಚ್ಚಿದವುಗಳಲ್ಲೂ ಹುಡುಕಿ, ಯಾರಾದರೂ ಹೇಳಿದ್ದಾರಾ ಅಂತ. ಕೋಡ್ ಬದಲಾವಣೆ ಇಲ್ಲದ ಬರೀ ಟೆಸ್ಟ್, ಬರೀ ದಾಖಲೆ ಬದಲಾವಣೆಗೂ ಸ್ವಾಗತ ಅಂತ ಅವರ ಕೊಡುಗೆ ನಿಯಮದಲ್ಲೇ ಬರೆದುಕೊಂಡಿದ್ದಾರೆ. ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಸೇರಿದರೆ ಜಾಸ್ತಿ ಕಾಯಬೇಕಾಗಿಲ್ಲ.

ಟೆಸ್ಟ್ ಅಂದರೆ ಏನು ಅಂತ ಕೇಳಿದಿರಿ. ಪಿಲ್ಲೋದ ಟೆಸ್ಟ್ಸ್ ಫೋಲ್ಡರ್‌ನಲ್ಲಿ ಇಂಥ ಬರಹಗಳಿಗಾಗಿಯೇ ಒಂದು ಫೈಲ್ ಇದೆ, ಅರೇಬಿಕ್, ಖ್ಮೇರ್ ಪದಗಳು ಅದರಲ್ಲಿವೆ. ಓದಿ ನೋಡಿ, ಕಷ್ಟ ಇಲ್ಲ. ಒಂದು ಫಾಂಟ್ ತೆರೆಯುತ್ತಾರೆ, ಖಾಲಿ ಚಿತ್ರದ ಮೇಲೆ ಪದ ಬರೆಯುತ್ತಾರೆ, ಮೊದಲೇ ಉಳಿಸಿಟ್ಟ ಸರಿಯಾದ ಚಿತ್ರದ ಜೊತೆ ಹೋಲಿಸುತ್ತಾರೆ. ಚೂರುಪಾರು ವ್ಯತ್ಯಾಸ ಇದ್ದರೆ ಬಿಡುತ್ತಾರೆ, ಜಾಸ್ತಿ ಇದ್ದರೆ ಫೇಲ್. ಹಾರ್ಫ್‌ಬಜ್‌ನಲ್ಲಿ ಇನ್ನೂ ಸರಳ, ಒಂದು ಟೆಸ್ಟ್ ಅಂದರೆ ಒಂದು ಸಾಲು. ಯಾವ ಫಾಂಟ್, ಯಾವ ಆಯ್ಕೆ, ಯಾವ ಸಂಕೇತಗಳು, ಯಾವ ಆಕಾರಗಳು ಬರಬೇಕು, ನಡುನಡುವೆ ಸೆಮಿಕೋಲನ್. ಪೂರ್ತಿ ಫಾಂಟ್ ಹಾಕೋದಿಲ್ಲ, ಆ ಪದಕ್ಕೆ ಬೇಕಾದ ಆಕಾರ ಮಾತ್ರ ಉಳಿಸಿ ಕತ್ತರಿಸಿದ ಪುಟ್ಟ ಫಾಂಟ್ ಇಡುತ್ತಾರೆ. ಫಾಂಟ್ ಅಂದಾಗ ನೆನಪಾಯಿತು, ವಿಂಡೋಸ್‌ನ ತುಂಗಾ ಫಾಂಟನ್ನು ಪುಲ್ ರಿಕ್ವೆಸ್ಟ್‌ನಲ್ಲಿ ಸೇರಿಸಬೇಡಿ, ಅದನ್ನು ಹಂಚೋಕೆ ನಮಗೆ ಹಕ್ಕಿಲ್ಲ. ನೋಟೋ ಸಾನ್ಸ್ ಕನ್ನಡ ಮುಕ್ತ ಪರವಾನಗಿಯಲ್ಲಿದೆ, ಅದನ್ನು ಬಳಸಿ.

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು. ಆ "ಸರಿಯಾದ ಚಿತ್ರ" ಎಲ್ಲಿಂದ ಬರುತ್ತದೆ? ಪ್ರೋಗ್ರಾಂ ಓಡಿಸಿ, ಬಂದದ್ದನ್ನೇ ಉಳಿಸಿಡುತ್ತಾರೆ. ಬಂದದ್ದು ಸರಿಯಾಗಿದೆಯಾ ಅಂತ ಯಾರೋ ಒಬ್ಬರು ಕಣ್ಣಿಟ್ಟು ಓದಿರಬೇಕು. ಓದಲು ಬಾರದವರು ಉಳಿಸಿದರೆ ತಪ್ಪೇ ಸರಿ ಅಂತ ದಾಖಲಾಗಿ ಕೂರುತ್ತದೆ, ಆಮೇಲೆ ಯಾರಾದರೂ ನಿಜವಾಗಿ ಸರಿಪಡಿಸಲು ಹೋದರೆ ಆ ಟೆಸ್ಟೇ ಫೇಲ್ ಆಗಿ ಅಡ್ಡ ನಿಲ್ಲುತ್ತದೆ. ಹಾಗಾಗಿ ಕನ್ನಡದ ಟೆಸ್ಟ್‌ಗೆ ಬೇಕಾಗಿರೋದು ದೊಡ್ಡ ಪ್ರೋಗ್ರಾಮರ್ ಅಲ್ಲ, ಕನ್ನಡ ಸಲೀಸಾಗಿ ಓದುವ ಒಬ್ಬರು. ಅರ್ಕಾವೊತ್ತು ಎಲ್ಲಿ ಬರಬೇಕು ಅಂತ ನಿಮಗೆ ನೋಡಿದ ಕೂಡಲೇ ಗೊತ್ತಾಯಿತಲ್ಲ, ಅದು ಆ ಕಡೆ ಕೂತವರ ಹತ್ತಿರ ಇಲ್ಲದ ವಿದ್ಯೆ.

ಇನ್ನೊಂದು, ಟೆಸ್ಟ್ ಓಡಿಸಿದಾಗ ಹಸಿರು ಬಂತು ಅಂತ ನಂಬಬೇಡಿ. ರಾಕ್ಮ್ ಇಲ್ಲದ ಮೆಷಿನ್‌ನಲ್ಲಿ ಆ ಫೈಲಿನ ಟೆಸ್ಟ್‌ಗಳು ಓಡೋದೇ ಇಲ್ಲ, ಸ್ಕಿಪ್ ಆಗುತ್ತವೆ. ಕೊನೆಯ ಸಾಲಿನಲ್ಲಿ ಎಷ್ಟು ಪಾಸ್, ಎಷ್ಟು ಸ್ಕಿಪ್ ಅಂತ ನೋಡಿ. ಮತ್ತೆ, ಯಾವುದೇ ಬಗ್ ಸರಿಪಡಿಸುವಾಗ ಮೊದಲು ಟೆಸ್ಟ್ ಬರೆಯಿರಿ, ಅದು ಫೇಲ್ ಆಗೋದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ತಿದ್ದಿ. ಫೇಲ್ ಆಗಿದ್ದನ್ನು ನೋಡದ ಟೆಸ್ಟ್ ಏನನ್ನು ಕಾಯುತ್ತಿದೆ ಅಂತ ನಮಗೆ ಗೊತ್ತಿರೋದಿಲ್ಲ.

ಎಐ ಬಗ್ಗೆ ಕೇಳಿದ್ದೀರಿ. ನಿಮ್ಮ ವಾಕ್ಯದ ವ್ಯಾಕರಣ ತಿದ್ದಿಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಕೆಲವು ಪ್ರಾಜೆಕ್ಟ್‌ಗಳಲ್ಲಿ ಇದಕ್ಕೆ ಬೇರೆ ನಿಯಮ ಇರುತ್ತದೆ, ಅದನ್ನು ಮೊದಲು ಓದಿ. ರಿಪೋರ್ಟನ್ನೇ ಅದರ ಕೈಲಿ ಬರೆಸಬೇಡಿ. ಕರ್ಲ್ ಎಂಬ ಲೈಬ್ರರಿ ನಡೆಸುವವರು 2024ರ ಆರಂಭದಲ್ಲೇ ಇದರ ಬಗ್ಗೆ ಬಹಿರಂಗವಾಗಿ ಬರೆದಿದ್ದರು. ಎಐ ಬರೆದ ಭದ್ರತಾ ದೂರುಗಳು ನೋಡಲು ಅಚ್ಚುಕಟ್ಟಾಗಿರುತ್ತವೆ, ಒಳಗೆ ಇಲ್ಲದ ಬಗ್ ಇರುತ್ತದೆ, ಅದು ಸುಳ್ಳು ಅಂತ ತಿಳಿಯೋಕೆ ಅವರ ಗಂಟೆಗಳು ಹೋಗುತ್ತವೆ. ನನಗೂ ಅಂಥವು ಬಂದಿವೆ, ಓದಿ ಮುಗಿಸುವಾಗ ರಾತ್ರಿ ಹನ್ನೊಂದಾಗಿರುತ್ತದೆ, ನಿಜವಾದ ದೂರೊಂದು ಕೆಳಗೆ ಉಳಿದುಹೋಗಿರುತ್ತದೆ. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ, ತಪ್ಪಿದ್ದರೂ ಪರವಾಗಿಲ್ಲ. ಲೈಬ್ರರಿ ನೋಡಿಕೊಳ್ಳುವ ಮೇಂಟೇನರ್‌ಗಳಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಎರಡನೇ ಭಾಷೆ.

—

ಹಳೇಪೈಥಾನ್:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಧೈರ್ಯ ಸಾಲುತ್ತಿಲ್ಲ ಅಂದಿರಲ್ಲ, ಅದಕ್ಕೆ.

2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ (ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೊಡಿ ಎಂಬ ಅಭಿಯಾನ) ನಡೆಯುವಾಗ ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್ ಸಿಗುತ್ತಿತ್ತು. ರೀಡ್‌ಮಿ ಫೈಲ್‌ನಲ್ಲಿ ಒಂದು ಪದ ಸೇರಿಸಿ ಕಳಿಸುವವರ ರಾಶಿಯೇ ಬಂತು, ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಜಾಸ್ತಿ ಇದ್ದರು. ತಿಂಗಳು ಶುರುವಾದ ಕೆಲವೇ ದಿನಕ್ಕೆ ನಿಯಮ ಬದಲಿಸಿ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. ಅದೇ ತಿಂಗಳು ನಾನೂ ಒಂದು ಲೈಬ್ರರಿಗೆ ದಾಖಲೆಯ ತಪ್ಪು ತಿದ್ದಿ ಕಳಿಸಿದ್ದೆ. ಒಂದು ಮಾತೂ ಹೇಳದೆ ಸ್ಪ್ಯಾಮ್ ಅಂತ ಮುಚ್ಚಿದರು. ತುಂಬಾ ನೋವಾಗಿತ್ತು, ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಬೇರೊಂದು ಲೈಬ್ರರಿಯಲ್ಲಿ ಕೋಡ್ ಕಳಿಸದೆ, ಆರು ಸಾಲಿನ ಒಂದು ಸ್ಕ್ರಿಪ್ಟ್ ಜೊತೆ ಬಗ್ ರಿಪೋರ್ಟ್ ಮಾತ್ರ ಹಾಕಿದೆ. ಬೇರೆ ಯಾವ ಲೈಬ್ರರಿಯೂ ಬೇಡ, ಕಾಪಿ ಮಾಡಿ ಓಡಿಸಿದರೆ ತಪ್ಪು ಕಾಣಬೇಕು, ಹಾಗೆ. ಮರುದಿನ ಉತ್ತರ ಬಂತು, ಇದಕ್ಕೆ ಟೆಸ್ಟ್ ಬರೆಯುತ್ತೀರಾ ಅಂತ ಅವರೇ ಕೇಳಿದರು. ಆ ಆರು ಸಾಲೇ ಟೆಸ್ಟ್ ಆಯಿತು. ನಿಮ್ಮ ಕೈಯಲ್ಲಿರೋ ಸ್ಕ್ರಿಪ್ಟನ್ನೂ ಹಾಗೆ ಕಡಿಮೆ ಮಾಡಿ. ಪತ್ರದ ಚಿತ್ರ ಬೇಡ, ಎಕ್ಸೆಲ್ ಬೇಡ, ಖಾಲಿ ಬಿಳಿ ಚಿತ್ರದ ಮೇಲೆ ಒಂದೇ ಪದ.

ಪಿಲ್ಲೋದಲ್ಲಿ ಇಶ್ಯೂ ತೆರೆದರೆ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಯಾವ ಓಎಸ್, ಯಾವ ಪೈಥಾನ್, ಯಾವ ಪಿಲ್ಲೋ ಅಂತ ಅವರೇ ಕೇಳುತ್ತಾರೆ. ಯಾವುದನ್ನೂ ಖಾಲಿ ಬಿಡಬೇಡಿ. ಉತ್ತರ ಒಂದು ವಾರ ಬರದಿದ್ದರೆ ಗಾಬರಿ ಬೇಡ.

—

ತುಂಗಾತೀರ:

ಎಲ್ಲರಿಗೂ ಮತ್ತೊಮ್ಮೆ ಥ್ಯಾಂಕ್ಸ್. 143 ಪತ್ರವೂ ಪ್ರಿಂಟ್ ಆದವು, ಮೇಷ್ಟ್ರಿಗೆ ಕೊಟ್ಟು ಬಂದೆ. ಒಂದೊಂದನ್ನೂ ಕೂತು ಓದಿದೆ, ಕಾಗುಣಿತ ತಪ್ಪಿದ್ದ ಎರಡು ಹೆಸರು ಸಿಕ್ಕಿತು, ಅವು ಪಟ್ಟಿಯಲ್ಲೇ ತಪ್ಪಿದ್ದವು.

ಆಮೇಲೆ ಹಳೆಯ ಇಶ್ಯೂಗಳನ್ನು ಓದುತ್ತಾ ಕೂತೆ. ಬೇರೆ ಬೇರೆ ಭಾಷೆಯವರು ಇದೇ ತರಹದ ತೊಂದರೆ ಬರೆದಿದ್ದಾರೆ, ಅದನ್ನು ನೋಡಿ ಸ್ವಲ್ಪ ಧೈರ್ಯ ಬಂತು. ಫೋರ್ಕ್ ಮಾಡಿಕೊಂಡು, ಅಂದರೆ ಪಿಲ್ಲೋ ಕೋಡಿನ ನನ್ನದೇ ಪ್ರತಿ ತೆಗೆದುಕೊಂಡು, ಅದರಲ್ಲಿ ಬ್ರ್ಯಾಂಚ್ ತೆಗೆದು ದಾಖಲೆಯಲ್ಲಿ ಒಂದು ವಾಕ್ಯ ಸೇರಿಸಿದ್ದೇನೆ: ವಿಂಡೋಸ್‌ನಲ್ಲಿ ರಾಕ್ಮ್ ಕೆಲಸ ಮಾಡಬೇಕಾದರೆ ಫ್ರಿಬಿಡಿ ಬೇಕು, ವಿವರ ಇನ್‌ಸ್ಟಾಲ್ ಪುಟದಲ್ಲಿದೆ ಅಂತ. ಟೆಸ್ಟ್‌ಗಳನ್ನು ನನ್ನ ಮೆಷಿನ್‌ನಲ್ಲಿ ಓಡಿಸಿದೆ, ಸ್ಕಿಪ್ ಎಷ್ಟು ಅಂತ ನೋಡಿದೆ. ಡಿಎಲ್‌ಎಲ್ ತೆಗೆದು ಓಡಿಸಿದಾಗ ನೀವು ಹೇಳಿದ ಹಾಗೆ ಆ ಫೈಲ್ ಪೂರ್ತಿ ಸ್ಕಿಪ್ ಆಯಿತು.

ಹಾರ್ಫ್‌ಬಜ್ ಟೆಸ್ಟ್ ಫೈಲ್‌ಗಳಲ್ಲಿ ಕನ್ನಡದ ಸಾಲುಗಳನ್ನು ಹುಡುಕಿ ಹೆಚ್‌ಬಿ ವ್ಯೂನಲ್ಲಿ ಒಂದೊಂದಾಗಿ ತೆರೆದು ಓದುತ್ತಿದ್ದೇನೆ. ಸಂಕೇತ ಸಂಖ್ಯೆ ನೋಡಿ ಅಕ್ಷರ ಹೇಳೋದು ಈಗ ಸ್ವಲ್ಪ ಅಭ್ಯಾಸ ಆಗಿದೆ. ಅನುಮಾನ ಬಂದ ಒತ್ತಕ್ಷರ ಇದ್ದರೆ ಇಲ್ಲೇ ಕೇಳುತ್ತೇನೆ.

ಪುಲ್ ರಿಕ್ವೆಸ್ಟ್‌ನ ಒಕ್ಕಣೆಯ ಡ್ರಾಫ್ಟ್ ಕಡಲತಡಿಯವರಿಗೆ ಕಳಿಸಿದ್ದೇನೆ. ಒಮ್ಮೆ ನೋಡಿ ಹೇಳಿದರೆ ಇವತ್ತು ರಾತ್ರಿಯೇ ಹಾಕುತ್ತೇನೆ.

—

ಕಡಲತಡಿ:

ನೋಡಿದೆ. ಚೆನ್ನಾಗಿದೆ, ಉದ್ದ ಮಾಡಬೇಡಿ. "ಸಮಯ ಹಾಳು ಮಾಡಿದ್ದಕ್ಕೆ ಕ್ಷಮಿಸಿ" ಅನ್ನೋ ಮೊದಲ ಸಾಲು ತೆಗೆಯಿರಿ. ಪಿಲ್ಲೋ ಆವೃತ್ತಿಯ ಸಂಖ್ಯೆ ಬಿಟ್ಟಿದ್ದೀರಿ, ಅದನ್ನು ಸೇರಿಸಿ ಹಾಕಿಬಿಡಿ.